ಟಗರಿನ ಒಪ್ಪಿಗೆ

ಎಲ್ಲ ರಗಳೆಗೂ ಕಾರಣ ಒಪ್ಪಿಗೆ ಪತ್ರದ ನಾಲ್ಕನೇ ಪುಟದ ಒಂದು ಸಾಲು: “ಈ ಪ್ರಯೋಗದಿಂದ ನಿಮಗೆ ಯಾವ ಲಾಭವೂ ಆಗದಿರಬಹುದು.” ಗೋವರ್ಧನ ಅದನ್ನು ಓದದೆ ಹಾರಿಸಿಬಿಡಬಹುದಿತ್ತು. ಆದರೆ ಅವನು ಪ್ರಾಮಾಣಿಕ ಮನುಷ್ಯ. ಕೊನೇಪಕ್ಷ ಆವತ್ತು ಮಧ್ಯಾಹ್ನದವರೆಗೆ ಆಗಿದ್ದ.

“ಲಾಭ ಇಲ್ಲ ಅಂತ ನೀನೇ ಬರ್ಕೊಂಬಂದು ಹೆಬ್ಬೆಟ್ಟು ಕೇಳ್ತೀಯಲ್ಲಪ್ಪ,” ಎಂದಳು ಮುದ್ದಕ್ಕ, ಎಲೆಅಡಿಕೆ ಕುಟ್ಟುತ್ತ. “ಇಷ್ಟು ನಿಜ ಹೇಳೋನ್ನ ನಂಬೋದು ಹೆಂಗೆ?”

ನನ್ನಿವಾಳದ ಪಕ್ಕದ ಆ ಕುರಿಗಾಹಿಗಳ ಹಟ್ಟಿಯಲ್ಲಿ ಮುದ್ದಕ್ಕನ ಮಾತೆಂದರೆ ಮುಗಿಯಿತು. ಕಟ್ಟೆಯ ಮೇಲೆ ಕೂತಿದ್ದ ಇಪ್ಪತ್ತು ಜನರೂ ಮುಂದೆ ಚಾಚಿದ್ದ ಹೆಬ್ಬೆಟ್ಟನ್ನು ಒಟ್ಟಿಗೇ ಹಿಂದಕ್ಕೆ ಎಳೆದುಕೊಂಡರು.

ಹನ್ನೆರಡು ವರ್ಷ ಔಷಧಿ ಕಂಪನಿಯ ಚೀಲ ಹೊತ್ತು, ಚಳ್ಳಕೆರೆಯಿಂದ ಮೊಳಕಾಲ್ಮುರಿನವರೆಗೆ ಬಿಸಿಲಲ್ಲಿ ಡಾಕ್ಟರುಗಳ ಬಾಗಿಲು ಕಾಯ್ದು ಸವೆದವನು ಗೋವರ್ಧನ. ಹೋದ ವರ್ಷವಷ್ಟೇ ಚಳ್ಳಕೆರೆಯ ಎಣ್ಣೆ ಗಿರಣಿಯೊಂದರ ಮಹಡಿಯಲ್ಲಿದ್ದ ಎರಡು ಕೋಣೆಯ ಕಂಪನಿ ಅವನನ್ನು ಪ್ರಾಜೆಕ್ಟ್ ಮ್ಯಾನೇಜರ್ ಮಾಡಿತ್ತು. ಅವರು ಕಂಡುಹಿಡಿದಿದ್ದು ಎದೆಗೆ ಕಟ್ಟುವ ಒಂದು ಪಟ್ಟಿ. ಎದೆಬಡಿತ ತಪ್ಪಿದರೆ ಅದು ಗುಂಯ್ ಎಂದು ನಡುಗಿ ಮೊಬೈಲಿಗೆ ಸುದ್ದಿ ಕಳಿಸುತ್ತಿತ್ತು. ಇಡೀ ಪ್ರಪಂಚದಲ್ಲಿ ಅಂಥ ಪಟ್ಟಿ ಇದ್ದದ್ದು ಒಂದೇ, ಅದೂ ಈಗ ಅವನ ಚೀಲದಲ್ಲಿತ್ತು.

ಮಾಲೀಕ ಶಶಿಕಾಂತ್ ಬೆಳಿಗ್ಗೆಯೇ ಹೇಳಿ ಕಳಿಸಿದ್ದ: “ಸಂಜೆ ಐದಕ್ಕೆ ಇನ್ವೆಸ್ಟರ್‌ಗಳ ಜತೆ ಮೀಟಿಂಗು. ಅಷ್ಟರಲ್ಲಿ ಇಪ್ಪತ್ತು ಜನರ ಒಪ್ಪಿಗೆ ಸಿಗದಿದ್ರೆ ಮೊದಲನೇ ಹಂತದಲ್ಲೇ ಯೋಜನೆಗೆ ಬೀಗ. ನೀವು ಮತ್ತೆ ಚೀಲ ಹೊರಬೇಕಾಗತ್ತೆ.” ಫ್ಯಾನಿನ ಕೆಳಗೆ ಕೂತು ಬಣ್ಣಬಣ್ಣದ ಚಾರ್ಟು ಬರೆಯುವ ಸುಖ ಕಂಡವನಿಗೆ ಮತ್ತೆ ನಡೆದು ಅಲೆಯುವುದನ್ನು ನೆನೆದರೇ ಕಾಲು ನೋಯುತ್ತಿತ್ತು.

“ಯಜಮಾನ್ರೇ, ಬೇರೆ ದಾರಿ ಏನಾದ್ರೂ ಐತಾ?” ಎಂದು ಹಟ್ಟಿಯ ಹಿರಿಯ ಕ್ಯಾತಣ್ಣನ ಕೈ ಹಿಡಿದ.

“ಇಲ್ದೇ ಏನು. ಹಟ್ಟಿಗೆ ಹೊಸದು ಯಾವ್ದು ಬಂದ್ರೂ ನಾವು ದೇವರ ಟಗರನ್ನ ಕೇಳ್ತೀವಿ. ಮೈಮೇಲೆ ನೀರು ಹಾಕ್ತೀವಿ. ಅದು ಮೈ ಜಾಡಿಸಿದ್ರೆ ದೇವರು ಒಪ್ದ ಅಂತ. ಬೋರ್‌ವೆಲ್ಲಿಗೂ ಕೇಳಿದ್ವಿ, ಮೊಬೈಲ್ ಟವರ್‌ಗೂ ಕೇಳಿದ್ವಿ.”

“ಟವರ್‌ಗೆ ಏನಂತು?”

“ಜಾಡಿಸ್ಲಿಲ್ಲ. ಅದ್ಕೇ ನಿನ್ ಫೋನು ಆ ಬೇವಿನ ಮರದ ಕೆಳಗೆ ಬಿಟ್ರೆ ಎಲ್ಲೂ ಹತ್ತಾಕಿಲ್ಲ.”

ಟಗರು ಬಂತು. ಆಳೆತ್ತರದ ಗತ್ತು, ಸುರುಳಿ ಕೊಂಬು, ಹಣೆಯ ತುಂಬ ಭಂಡಾರ. ನೀರು ಹಾಕಿದರು. ಟಗರು ಅಲ್ಲಾಡಲಿಲ್ಲ. ಇನ್ನೊಂದು ಚೊಂಬು ಹಾಕಿದರು. ಅದು ಕಣ್ಣು ಮುಚ್ಚಿ ಮೆಲುಕು ಹಾಕಿತು.

ಆಮೇಲೆ ಹಟ್ಟಿಯವರೆಲ್ಲ ಸಲಹೆಗಾರರಾದರು. ನೀರು ಬೆಚ್ಚಗಾಯಿತು ಎಂದರು, ಗೋವರ್ಧನ ಬಾವಿಯಿಂದ ಸೇದಿ ತಂದ. ಕೆಂಪು ಅಂಗಿ ಅದಕ್ಕೆ ಆಗಿಬರಲ್ಲ ಎಂದರು, ಬಿಚ್ಚಿ ಬನಿಯನ್ನಿನಲ್ಲಿ ನಿಂತ. ಕೊನೆಗೆ ಮುದ್ದಕ್ಕ, “ಎಂಥದ್ದಕ್ಕೆ ಒಪ್ಕೋಬೇಕು ಅಂತ ಅದಕ್ಕೆ ತಿಳೀಬ್ಯಾಡ್ವೇ? ಆ ಪಟ್ಟಿ ಅದರ ಎದೆಗೆ ಕಟ್ಟು, ಕಾಗದ ಓದಿ ಹೇಳು,” ಎಂದಳು.

ಗೋವರ್ಧನ ಪಟ್ಟಿ ಕಟ್ಟಿ, ಬಿಸಿಲಲ್ಲಿ ಮಂಡಿಯೂರಿ ಹದಿನಾಲ್ಕು ಪುಟವನ್ನೂ ಟಗರಿಗೆ ಓದಿದ. ಸಂದೇಹವಿದ್ದರೆ ಕೇಳಬಹುದು ಎಂದೂ ಹೇಳಿದ. ಟಗರು ಏನೂ ಕೇಳಲಿಲ್ಲ. ಒಂಬತ್ತನೇ ಪುಟವನ್ನು ಮಾತ್ರ ಕಿತ್ತುಕೊಂಡು ತಿಂದಿತು. ಅದರಲ್ಲಿ ಪ್ರಯೋಗದಿಂದ ಬರಬಹುದಾದ ಅಪಾಯಗಳ ವಿವರವಿತ್ತು.

“ಒಳ್ಳೇದೇ ಆತು ಬಿಡು,” ಎಂದ ಕ್ಯಾತಣ್ಣ. “ಅಪಾಯನೆಲ್ಲ ತಾನೇ ನುಂಗ್ತು.” ಆದರೂ ಜಾಡಿಸಲಿಲ್ಲ.

ನಾಲ್ಕೂವರೆಗೆ ಬೇವಿನ ಮರದ ಕೆಳಗೆ ಫೋನು ಹೊಡೆದುಕೊಂಡಿತು.

“ಏನಾಯ್ತ್ರೀ ಗೋವರ್ಧನ್?”

“ಎಲ್ಲಾ ರೆಡಿ ಸರ್. ಒಬ್ರು ಒಪ್ಕೊಂಡ್ರೆ ಇಪ್ಪತ್ತೂ ಜನ ಒಪ್ತಾರೆ.”

“ಯಾರದು?”

ಟಗರು ಎನ್ನಲು ನಾಲಿಗೆ ಏಳಲಿಲ್ಲ. “ಇಲ್ಲಿ ಒಬ್ರು ದೊಡ್ಡೋರು ಸರ್. ಇಡೀ ಹಟ್ಟಿ ಅವರ ಮಾತು ಮೀರಲ್ಲ.”

“ಅವರಿಗೇನು ಬೇಕಂತೆ?”

“ಹೇಳ್ತಿಲ್ಲ ಸರ್. ಯೋಚನೆ ಮಾಡ್ತಿದಾರೆ.”

“ತೂಕದ ಮನುಷ್ಯ ಅನ್ಸತ್ತೆ. ಹೇಗಾದ್ರೂ ಒಪ್ಸಿ.”

ಗೋವರ್ಧನ ವಾಪಸು ಬಂದು ಟಗರಿನ ಮುಖ ನೋಡಿದ. ಆಗ ಅವನಿಗೆ ಒಂದು ಕೆಟ್ಟ ಯೋಚನೆ ಬಂತು. ಪಟ್ಟಿ ನಡುಗುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಮೊಬೈಲಿನಲ್ಲಿ ಒಂದು ಬಟನ್ ಇತ್ತು, ಅದಕ್ಕೆ ಟವರ್ ಬೇಕಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು, ಆದರೂ ಕೈ ಜೇಬಿಗೆ ಇಳಿಯಿತು. ಕ್ಯಾತಣ್ಣ ಮೂರನೇ ಬಿಂದಿಗೆ ಸುರಿಯುವುದಕ್ಕೂ ಇವನು ಬಟನ್ ಒತ್ತುವುದಕ್ಕೂ ಸರಿಹೋಯಿತು.

ಟಗರು ಕೊಂಬಿನಿಂದ ಬಾಲದವರೆಗೆ ಜಾಡಿಸಿತು. ನೀರು ಎರಡು ಮನೆಯ ಗೋಡೆಗೆ ಸಿಡಿಯಿತು. ಹೆಂಗಸರು ಕೈ ಮುಗಿದರು, ಮುದ್ದಕ್ಕ ಮೊದಲ ಹೆಬ್ಬೆಟ್ಟು ಒತ್ತಿದಳು, ಹತ್ತೇ ನಿಮಿಷದಲ್ಲಿ ಇಪ್ಪತ್ತೂ ಪತ್ರಗಳು ತುಂಬಿದವು. ಗೋವರ್ಧನ ಫೋಟೋ ತೆಗೆದು, ಮರದ ಕೆಳಗೆ ಓಡಿ, ಐದಕ್ಕೆ ಎರಡು ನಿಮಿಷವಿರುವಾಗ ಕಳಿಸಿಬಿಟ್ಟ. ಅವನಿಗೆ ಕುಣಿಯಬೇಕೆನಿಸಿತು.

ಬಂದು ಪಟ್ಟಿ ಬಿಚ್ಚಲು ಬಗ್ಗಿದಾಗ ಕ್ಯಾತಣ್ಣ ಭುಜ ಹಿಡಿದ. “ಏನ್ ಮಾಡ್ತಿದೀಯಪ್ಪ?”

“ಪಟ್ಟಿ ಬಿಚ್ಕೋತೀನಿ. ಇರೋದು ಅದೊಂದೇ ಯಜಮಾನ್ರೇ.”

“ದೇವರ ಟಗರು ಮೈಮೇಲೆ ಹಾಕ್ಕೊಂಡು ಒಪ್ಕೊಂಡಿದ್ದು ದೇವರಿಗೇ ಸೇರ್ತು. ನಮ್ಮ ಅಜ್ಜ ಹಿಂಗೇ ಒಂದು ಹೊಸ ಕಂಬಳಿ ಬಿಟ್ಕೊಟ್ಟ. ನೀವು ಏನ್ ಪರೀಕ್ಷೆ ಮಾಡ್ಬೇಕಾದ್ರೂ ಮಾಡ್ಕಳ್ಳಿ, ಯಾರೂ ಬ್ಯಾಡ ಅನ್ನಾಕಿಲ್ಲ. ಪಟ್ಟಿ ಮಾತ್ರ ಅದರ ಮೈಮೇಲೇ ಇರ್ಬೇಕು.”

ಬಟನ್ ಒತ್ತಿದ್ದು ನಾನೇ ಎಂದು ಹೇಳಿದರೆ ಪಟ್ಟಿ ಸಿಗುತ್ತಿತ್ತು, ಇಪ್ಪತ್ತು ಹೆಬ್ಬೆಟ್ಟು ಹೋಗುತ್ತಿದ್ದವು, ಜತೆಗೆ ಬೆನ್ನಿನ ಚರ್ಮವೂ ಹೋಗುತ್ತಿತ್ತು. ಗೋವರ್ಧನ ಅದೊಂದನ್ನು ಬಿಟ್ಟು ಮಿಕ್ಕೆಲ್ಲ ನೆಪ ಹೇಳಿ ಅರ್ಧ ಗಂಟೆ ಗೋಗರೆದ. ಅಷ್ಟರಲ್ಲಿ ಮರದ ಕೆಳಗೆ ಬಿಟ್ಟಿದ್ದ ಫೋನು ಕೂಗಿತು.

“ಪಾಸಾದ್ವಿ ಗೋವರ್ಧನ್,” ಶಶಿಕಾಂತನ ದನಿ ಕುಣಿಯುತ್ತಿತ್ತು. “ಮುಂದಿನ ಹಂತಕ್ಕೆ ಒಪ್ಪಿದ್ರು. ಆರು ತಿಂಗಳು ಫೀಲ್ಡ್ ಸ್ಟಡಿ.”

“ಸರ್, ಆ ಪಟ್ಟಿ ಒಂಚೂರು ಅವರ ಹತ್ರಾನೇ ಉಳ್ಕೊಂಡಿದೆ.”

“ಆ ದೊಡ್ಡೋರ ಹತ್ರಾನಾ? ಇರ್ಲಿ ಬಿಡಿ, ಇನ್ನೂ ಚೆನ್ನಾಯ್ತು. ಹದಿನಾಲ್ಕು ಪುಟ ಕೇಳಿ, ಒಂದು ದಿನ ಪೂರ್ತಿ ಯೋಚನೆ ಮಾಡಿ ಒಪ್ಕೊಂಡೋರು ಅಂತ ನಾನು ಹೇಳ್ದೆ. ಇನ್ವೆಸ್ಟರ್‌ಗಳು ಅವರನ್ನೇ ಸ್ಟಡಿಗೆ ಮುಖ್ಯಸ್ಥರನ್ನಾಗಿ ಮಾಡಿ ಅಂತ ಪಟ್ಟು ಹಿಡಿದ್ರು. ನೀವು ಅವರ ಕೈಕೆಳಗೆ. ಅವರು ಎಲ್ಲಿ ಹೋಗ್ತಾರೋ ಅಲ್ಲಿ ನೀವಿರಬೇಕು. ಇವತ್ತಿಂದಾನೇ.” ಫೋನು ಕಟ್ಟಾಯಿತು.

ಹಿಂದೆ ಕ್ಯಾತಣ್ಣ ಮಂದೆ ಎಬ್ಬಿಸುತ್ತಿದ್ದ. ನಾನೂರು ಕುರಿ ದೂಳೆಬ್ಬಿಸಿಕೊಂಡು ಎದ್ದವು.

“ಎತ್ತ ಹೊರಟ್ರಿ ಯಜಮಾನ್ರೇ?”

“ಮೇವಿಗೆ. ಬಿ.ಜಿ. ಕೆರೆ, ಮೊಳಕಾಲ್ಮುರು, ಅಲ್ಲಿಂದ ಆಂಧ್ರದ ಗಡಿತಂಕ. ಮಳೆಗಾಲಕ್ಕೆ ವಾಪಸ್ಸು.”

ಹೊಸ ಮುಖ್ಯಸ್ಥರು ಮಂದೆಯ ಮುಂದೆ ಬಂದು ನಿಂತರು, ಒಮ್ಮೆ ಸೀನಿದರು, ಉತ್ತರಕ್ಕೆ ಹೆಜ್ಜೆ ಹಾಕಿದರು. ಗೋವರ್ಧನ ಒದ್ದೆ ಬನಿಯನ್ನಿನಲ್ಲೇ ಚೀಲ ಹೆಗಲಿಗೇರಿಸಿ ಅವರ ಹಿಂದೆ ನಡೆದ.