ದಾಖಲೆಯ ಪ್ರಕಾರ ನಾನು ಹುಲಿ

ಇಪ್ಪತ್ತೆಂಟು ವರ್ಷಗಳಿಂದ ಕಚೇರಿಯಲ್ಲಿ ಕಡತ ನೋಡಿಕೊಂಡು ಬಂದವನು ನಾನು. ದಾಖಲೆ ಇಲ್ಲದೆ ಒಂದು ಕೆಲಸವನ್ನೂ ಮಾಡಿದವನಲ್ಲ. ಹಾಗಾಗಿ ನನ್ನ ಆರೋಗ್ಯವನ್ನೂ ದಾಖಲೆ ಸಮೇತ, ನಿಯಮಾನುಸಾರ, ಅಚ್ಚುಕಟ್ಟಾಗಿ ಸರಿ ಮಾಡಿಕೊಳ್ಳುತ್ತೇನೆ ಎಂಬ ವಿಶ್ವಾಸ ನನಗಿತ್ತು. ವಿಶ್ವಾಸಕ್ಕೆ ಯಾವತ್ತೂ ಕೊರತೆ ಬಿದ್ದಿಲ್ಲ.

ಸಮಸ್ಯೆ ಏನೆಂದರೆ ಸುಸ್ತು. ಬೆಳಗ್ಗೆ ಎದ್ದರೆ ಸುಸ್ತು. ಸ್ನಾನ ಮಾಡಿದರೆ ಸುಸ್ತು. ಇವತ್ತೂ ಸ್ನಾನ ಮಾಡಬೇಕಲ್ಲ ಎಂದು ನೆನೆದರೂ ಸುಸ್ತು! ಸರಸ್ವತಿಪುರಂನ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ನಡೆಯುವಷ್ಟರಲ್ಲಿ ಎರಡು ಕಡೆ ನಿಂತು, ಯಾರೋ ಪರಿಚಯದವರನ್ನು ಹುಡುಕುವವನ ಹಾಗೆ ಅತ್ತಿತ್ತ ನೋಡಿ ಉಸಿರು ತೆಗೆದುಕೊಳ್ಳುತ್ತಿದ್ದೆ. ಕಚೇರಿಯಲ್ಲಿ ಮಧ್ಯಾಹ್ನ ಮೂರಕ್ಕೆ ತಲೆ ತಾನಾಗಿಯೇ ಕಡತದ ಮೇಲೆ ಬಾಗುತ್ತಿತ್ತು. ಎಷ್ಟು ಶ್ರದ್ಧೆಯಿಂದ ಓದುತ್ತಾರಪ್ಪ ಎಂದು ನೋಡಿದವರು ಮೆಚ್ಚಿಕೊಳ್ಳುತ್ತಿದ್ದರು, ಗೊರಕೆ ಶುರುವಾಗುವವರೆಗೆ.

ನನ್ನ ಹೆಂಡತಿ ಗಿರಿಜಾ ಕೈ ಹಿಡಿದು ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿದಳು. ಅವರು ರಕ್ತದ ರಿಪೋರ್ಟು ನೋಡಿ, "ಶುಗರ್ ಬಾರ್ಡರ್‌ನಲ್ಲಿದೆ. ಅನ್ನ ಅರ್ಧ ಮಾಡಿ, ಸಿಹಿ ಬಿಡಿ, ಸಂಜೆ ನಡೀರಿ, ಬೇಗ ಮಲಗಿ. ಮೂರು ತಿಂಗಳಾದ್ಮೇಲೆ ಇನ್ನೊಂದ್ಸಲ ನೋಡೋಣ. ಇಳೀಲಿಲ್ಲ ಅಂದ್ರೆ ಗುಳಿಗೆ ಶುರು ಮಾಡಬೇಕಾಗುತ್ತೆ" ಎಂದರು.

ಗುಳಿಗೆ ಎಂದ ಕೂಡಲೇ ನನಗೆ ಬೆವರು ಬಂತು. ನಮ್ಮಪ್ಪನಿಗೂ ಶುರುವಾದದ್ದು ಒಂದೇ ಒಂದು ಗುಳಿಗೆಯಿಂದ. ಒಂದು ಎರಡಾಯಿತು, ಆಮೇಲೆ ಸೂಜಿ ಬಂತು, ಅದರ ಮುಂದಿನದು ನನಗೆ ನೆನೆಸಿಕೊಳ್ಳುವುದಕ್ಕೂ ಇಷ್ಟವಿಲ್ಲ. ನನಗೆ ಭಯವಾಗಿತ್ತು. ಏನೇ ಆಗಲಿ, ಈ ಮೂರು ತಿಂಗಳಲ್ಲಿ ಸಕ್ಕರೆ ಇಳಿಸಿ ಗುಳಿಗೆ ತಪ್ಪಿಸಿಕೊಳ್ಳಲೇಬೇಕು ಎಂದು ನಿಶ್ಚಯಿಸಿದೆ.

ಆದರೆ ಡಾಕ್ಟರ ಸಲಹೆ ಮಾತ್ರ ಮನಸ್ಸಿಗೆ ಹಿಡಿಸಲಿಲ್ಲ. ಅನ್ನ ಕಡಿಮೆ ಮಾಡು, ನಡಿ, ಮಲಗು! ಇದನ್ನು ಹೇಳುವುದಕ್ಕೆ ಅಷ್ಟು ವರ್ಷ ಓದಬೇಕೇ? ಮನೆಯಲ್ಲಿ ಅಮ್ಮ ದಿನಾ ಇದನ್ನೇ ಹೇಳುತ್ತಾಳೆ. ನನ್ನಂಥ ಗಹನವಾದ ಸುಸ್ತಿಗೆ ಗಹನವಾದ ಪರಿಹಾರವೇ ಬೇಕಿತ್ತು.

ಅದನ್ನು ತೋರಿಸಿಕೊಟ್ಟವನು ಪಕ್ಕದ ಮೇಜಿನ ಮಾದೇಶ. "ಸಾರ್, ಗೋಕುಲಂನಲ್ಲಿ ಒಬ್ರು ಮೇಡಂ ಅವ್ರೆ. ಚೀನಾ ದೇಶದ ಲೆಕ್ಕ. ಹುಟ್ಟಿದ ವರ್ಷ ಹೇಳಿದ್ರೆ ಸಾಕು, ನಿಮ್ದು ಯಾವ ಪ್ರಾಣಿ, ಆ ಪ್ರಾಣಿಗೆ ಯಾವ ಕಾಯ್ಲೆ ಬತ್ತದೆ, ಏನ್ ತಿನ್ಬೇಕು, ಎಲ್ಲಾ ಬರ್ದು ಕೊಟ್ಬುಡ್ತಾರೆ" ಎಂದ.

ಶನಿವಾರ ಸಂಜೆ ಹೋದೆ. ಯೋಗ ಕಲಿಯಲು ಬಂದ ವಿದೇಶಿಯರು ಚಾಪೆ ಸುತ್ತಿಕೊಂಡು ಹೋಗುತ್ತಿದ್ದರು. ನನ್ನ ಎರಡರಷ್ಟು ವಯಸ್ಸಾದಂತೆ ಕಾಣುವ ಒಬ್ಬ ಬಿಳಿಗಡ್ಡದವರು ಮೆಟ್ಟಿಲನ್ನು ಎರಡೆರಡು ಹಾರಿ ಇಳಿದರು. ನಾನು ಕಂಬಿ ಹಿಡಿದುಕೊಂಡು ಹತ್ತಿದೆ. ಮೇಲೆ ವಿನುತಾ ಮೇಡಂ ಕೂತಿದ್ದರು. ಅಪ್ಪಟ ಮೈಸೂರಿನವರು, ಮೃದುವಾದ ಮಾತು. ಗೋಡೆಯ ಮೇಲೆ ಇಲಿಯಿಂದ ಹಂದಿಯವರೆಗೆ ಹನ್ನೆರಡು ಪ್ರಾಣಿಗಳ ಚಿತ್ರಪಟ. ನನ್ನದು ಹಂದಿಯೇ ಆಗಿಬಿಟ್ಟರೆ? ಗಿರಿಜಾಗೆ ಏನೆಂದು ಹೇಳುವುದು?

ಮೇಡಂ ಒಂದು ಫಾರಂ ಕೊಟ್ಟರು. ಫಾರಂ ಕಂಡರೆ ನನಗೆ ಎಲ್ಲಿಲ್ಲದ ಹುಮ್ಮಸ್ಸು. ಹುಟ್ಟಿದ ದಿನಾಂಕ ಎಂಬಲ್ಲಿ, ಬಾಯಿಗೆ ಬಂದದ್ದನ್ನು ಬರೆಯದೆ, ಜೊತೆಗೆ ತಂದಿದ್ದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲನ್ನು ನೋಡಿ ಬರೆದೆ: ಸಾವಿರದ ಒಂಬೈನೂರ ಎಪ್ಪತ್ತನಾಲ್ಕು, ಜೂನ್ ಒಂದು. ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಕೂಡ ಇತ್ತು. 'ಈಗಿರುವ ಕಾಯಿಲೆಗಳು' ಎಂಬ ಕಲಂನಲ್ಲಿ 'ಇಲ್ಲ' ಎಂದು ಬರೆದೆ. ಗಡಿಯಲ್ಲಿ ನಿಂತವನು ಒಳಗೆ ಬಂದಂತಲ್ಲ, ಆಡಳಿತಾತ್ಮಕವಾಗಿ ಅದು ಸರಿಯಾಗಿಯೇ ಇತ್ತು.

ಮೇಡಂ ಫಾರಂ ನೋಡಿ ತಲೆಯೆತ್ತಿ ಹೇಳಿದರು, "ನೀವು ಹುಲಿ."

ಐವತ್ತು ವರ್ಷದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ! ನನ್ನ ಕಣ್ಣು ತುಂಬಿಬಂತು.

"ಹುಲಿಗೆ ಶಕ್ತಿ ಜಾಸ್ತಿ ಸಾರ್, ಆದ್ರೆ ಬೇಗ ಖರ್ಚಾಗ್ಬಿಡುತ್ತೆ. ಅದಕ್ಕೇ ನಿಮಗೆ ಸುಸ್ತು" ಎಂದರು. ಎಂಥ ವೈಜ್ಞಾನಿಕ ವಿವರಣೆ! ಪಟ್ಟಿ ಬರೆದುಕೊಟ್ಟರು. ಅನ್ನ ಬೇಡ, ಕಾಫಿ ಬೇಡ, ಖಾರ ಹುಳಿ ಬೇಡ, ಹುಲಿಯ ಪಿತ್ತ ಕೆರಳುತ್ತದೆ. ಶಕ್ತಿಗೆ ಖರ್ಜೂರ, ಬಾಳೆಹಣ್ಣು, ಜೇನುತುಪ್ಪ, ಬೆಲ್ಲ. ಬೆಳಗ್ಗೆ ಪೂರ್ವಕ್ಕೆ ಮುಖ ಮಾಡಿ, ನಾಲಿಗೆ ಹೊರಚಾಚಿ, ಹೊಟ್ಟೆಯೊಳಗಿಂದ 'ಹಾ' ಎಂದು ಹನ್ನೆರಡು ಸಲ ಗರ್ಜನೆ.

ಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ಅಡುಗೆಮನೆಯಲ್ಲಿ ನೇತುಹಾಕಿದೆ. ಗಿರಿಜಾ ಓದಿ, "ರೀ, ಡಾಕ್ಟ್ರು ಸಿಹಿ ಬಿಡಿ ಅಂದಿದ್ರಲ್ಲ?" ಎಂದಳು.

"ಅವರು ಹೇಳಿದ್ದು ಸಕ್ಕರೆ. ಇದು ಬೆಲ್ಲ. ಪ್ರಕೃತಿದತ್ತ."

"ಡಾಕ್ಟ್ರನ್ನ ಒಂದು ಮಾತು ಕೇಳಿ."

"ಅವರಿಗೆ ನಾನು ಹುಲಿ ಅಂತ ಗೊತ್ತಿಲ್ಲ ಗಿರಿಜಾ."

ಅವಳು ಒಲೆಯ ಕಡೆ ತಿರುಗಿದಳು. ಇಪ್ಪತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಅವಳಿಗೂ ಸುಸ್ತಾಗಿತ್ತು.

ಮಾರನೇ ಬೆಳಗ್ಗೆ ಮಹಡಿಯ ಮೇಲೆ ಗರ್ಜನೆ ಶುರು. ನಾಲ್ಕನೆಯದಕ್ಕೆ ತಲೆ ಸುತ್ತಿ ನೀರಿನ ಟ್ಯಾಂಕನ್ನು ಹಿಡಿದುಕೊಂಡೆ. ಆದರೂ ಬಿಡದೆ ಹನ್ನೆರಡನ್ನೂ ಪೂರೈಸಿದೆ. ಮೂರನೇ ದಿನ ಪಕ್ಕದ ಮನೆಯ ಪಾರ್ಥಸಾರಥಿಗಳು ಒಂದು ಲೋಟ ಹಿಡಿದುಕೊಂಡು ಬಂದರು. "ಶ್ರೀಕಂಠ ಅವ್ರೇ, ತಪ್ಪು ತಿಳ್ಕೋಬೇಡಿ. ದಿನಾ ಬೆಳಗ್ಗೆ ವಾಂತಿ ಆಗ್ತಿರೋ ಹಾಗಿದೆ. ನಮ್ಮನೇವ್ರು ಶುಂಠಿ ಕಷಾಯ ಮಾಡಿ ಕಳ್ಸಿದಾರೆ, ಬಿಸಿಬಿಸಿ ಕುಡೀರಿ."

ಅದು ಗರ್ಜನೆ ಎಂದು ಹೇಳುವಷ್ಟು ಧೈರ್ಯ ಹುಲಿಗೆ ಬರಲಿಲ್ಲ. ಕಷಾಯಕ್ಕೆ ಬೆಲ್ಲ ಹಾಕಿದ್ದರು. ಗಟಗಟನೆ ಕುಡಿದೆ. ಮರುದಿನವೂ ಕಷಾಯ ಬಂತು, ಅದರ ಮರುದಿನವೂ ಬಂತು.

ಕಾಫಿ ಬಿಟ್ಟ ಮೇಲೆ ತಲೆನೋವು ಹಿಡಿಯಿತು. ಅದಕ್ಕೆ ಖರ್ಜೂರ ತಿಂದೆ. ಅನ್ನ ಬಿಟ್ಟದ್ದಕ್ಕೆ ಹನ್ನೊಂದು ಗಂಟೆಗೇ ಹಸಿವು. ಅದಕ್ಕೆ ಬಾಳೆಹಣ್ಣು, ನಂಜನಗೂಡು ರಸಬಾಳೆ, ಒಂದಕ್ಕೆ ನಿಲ್ಲುವ ಹಣ್ಣೇ ಅದು? ಸಂಜೆ ಮತ್ತೆ ಸುಸ್ತು. ಅದಕ್ಕೆ ಜೇನುತುಪ್ಪ. ಸುಸ್ತು ಹೆಚ್ಚಾದಷ್ಟೂ ನಾನು ನಿಯಮವನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಿದೆ.

ಎರಡನೇ ತಿಂಗಳಲ್ಲಿ ಗಿರಿಜಾಳ ಚಿಕ್ಕಪ್ಪನ ಮಗ ಯಾದವಗಿರಿಯಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶವಿತ್ತು. ಎಲೆ ಮುಂದೆ ಕೂತೆ. ಕೋಸಂಬರಿಗೆ ಹಸಿಮೆಣಸಿನಕಾಯಿ ಬಿದ್ದಿದೆ, ಬೇಡ ಎಂದೆ. ಚಿತ್ರಾನ್ನಕ್ಕೆ ಅಂಗೈ ಅಡ್ಡ ಹಿಡಿದೆ. ಗೊಜ್ಜಿನವನು ನನ್ನ ಮುಖ ನೋಡಿಯೇ ಮುಂದಕ್ಕೆ ಹೋದ. ಅನ್ನದ ಬೇಸನ್ ಹಿಡಿದವರು ಮಾತ್ರ ಬಗ್ಗಿ, ದನಿ ತಗ್ಗಿಸಿ ಕೇಳಿದರು.

"ಶುಗರ್ರಾ ಸಾರ್?"

"ಅಲ್ಲ. ಹುಲಿ."

ಅವರು ಬೇಸನ್ ಸಮೇತ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಅಷ್ಟರಲ್ಲಿ ಹೋಳಿಗೆ ಬಂತು. ಬೆಲ್ಲದ ಹೋಳಿಗೆ! ಒಂದು ಹಾಕಿಸಿಕೊಂಡೆ, ಎರಡು ಹಾಕಿಸಿಕೊಂಡೆ. ಐದನೆಯದಕ್ಕೆ ಗಿರಿಜಾ ಪಕ್ಕದಿಂದ ಮೊಣಕೈಯಲ್ಲಿ ತಿವಿದಳು.

"ಹುಲಿ ಹೋಳಿಗೆ ತಿನ್ನುತ್ತಾ ರೀ?"

"ಬೇರೇನೂ ತಿನ್ನೋ ಹಾಗಿಲ್ಲವಲ್ಲೇ, ಪಾಪ."

ಮನೆಯೊಡೆಯರು, 'ನಮ್ಮ ಅಡುಗೆ ಭಾವನವರಿಗೆ ಹಿಡಿಸಲಿಲ್ಲ' ಎಂದು ನೊಂದುಕೊಂಡು, ಹೋಗುವಾಗ ಹತ್ತು ಹೋಳಿಗೆ ಕಟ್ಟಿಕೊಟ್ಟರು. ಅವನ್ನೂ ನಿಯಮಾನುಸಾರ ವಿಲೇವಾರಿ ಮಾಡಿದೆ.

ರಕ್ತಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಅವತ್ತು ಭಾನುವಾರ. ಮಂಡಿನೋವೆಂದು ವರ್ಷದಿಂದ ಮಹಡಿ ಹತ್ತದ ಅಮ್ಮ, ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಬಂದುಬಿಟ್ಟಳು. ನಾನು ನಾಲಿಗೆ ಚಾಚಿಕೊಂಡು ನಿಂತಿದ್ದೆ.

"ಯಾಕೋ ಕಂಠ, ಎರಡು ತಿಂಗಳಿಂದ ಹಿಂಗೆ ಕಿರುಚ್ತಿದೀಯ? ಯಾವ ಗ್ರಹಚಾರ ಬಡೀತೋ ನಿಂಗೆ?"

ವಿಷಯವನ್ನು ಕ್ರಮಬದ್ಧವಾಗಿ ವಿವರಿಸಿದೆ. ಎಪ್ಪತ್ತನಾಲ್ಕರಲ್ಲಿ ಹುಟ್ಟಿದವರು ಹುಲಿ, ಎಪ್ಪತ್ತೈದರವರು ಮೊಲ, ಹೀಗೆ.

ಅಮ್ಮ ಮಹಡಿಯ ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಂಡಳು. "ಅಯ್ಯೋ ನಿನ್ನ! ನೀನು ಎಪ್ಪತ್ತನಾಲ್ಕರಲ್ಲಿ ಎಲ್ಲೋ ಹುಟ್ದೆ? ಶಿವರಾತ್ರಿ ಜಾಗರಣೆ ಮುಗಿಸಿ ಬೆಳಗ್ಗೆ ಹೆತ್ತೆ ನಿನ್ನ. ಎಪ್ಪತ್ತೈದರಲ್ಲಿ ಎಮರ್ಜೆನ್ಸಿ ಬಂದಾಗ ಇನ್ನೂ ಮೂರು ತಿಂಗಳ ಕೂಸು ಕಣೋ ನೀನು."

"ಮತ್ತೆ ದಾಖಲೆಯಲ್ಲಿ ಎಪ್ಪತ್ತನಾಲ್ಕು ಅಂತಿದೆಯಲ್ಲ?"

"ಅದು ಮೇಷ್ಟ್ರು ಹಾಕಿದ್ದು. ಐದು ತುಂಬಿ ಮೂರು ತಿಂಗಳಾಗಿತ್ತು ಅಷ್ಟೇ, ಮನೇಲಿ ನಿನ್ನ ಕಾಟ ತಡೆಯೋಕಾಗ್ದೆ ನಿಮ್ಮಪ್ಪ ಇಸ್ಕೂಲಿಗೆ ಎಳ್ಕೊಂಡು ಹೋದ್ರು. ಮೇಷ್ಟ್ರು ಬಲಗೈನ ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟು ಅಂದ್ರು. ನಿಂದು ಆಗ್ಲೇ ಉದ್ದ ಕೈ, ಮುಟ್ಬುಟ್ಟೆ. ಕಿವಿ ಸಿಕ್ರೆ ಆರು ತುಂಬ್ದಂಗೆ, ಆಯ್ತು ಬಿಡಿ ಅಂತ ಇಸ್ಕೂಲು ಶುರುವಾಗೋ ಜೂನ್ ಒಂದಕ್ಕೆ ಆರು ವರ್ಷ ಅಂತ ಬರ್ಕೊಂಡ್ರು."

ಶಿವರಾತ್ರಿ ಮಾರನೇ ದಿನ ಹುಟ್ಟಿದ್ದು ನನಗೆ ಗೊತ್ತಿತ್ತು. ಪ್ರತಿ ವರ್ಷ ಅವತ್ತೇ ಪಾಯಸ. ಆದರೆ ವರ್ಷ ಮಾತ್ರ ದಾಖಲೆಯದ್ದೇ ಸರಿ ಎಂದುಕೊಂಡಿದ್ದೆ. ಮದುವೆಯಲ್ಲಿ ಜಾತಕ ನೋಡಿದವಳು ಅಮ್ಮ, ನಾನು ಗಿರಿಜಾಳ ಫೋಟೋ ಮಾತ್ರ ನೋಡಿದ್ದು. ನಮ್ಮ ಕಚೇರಿಯಲ್ಲಿ ನನ್ನನ್ನೂ ಮಾದೇಶನನ್ನೂ ಸೇರಿಸಿ ಏಳು ಜನರ ಹುಟ್ಟುಹಬ್ಬ ಜೂನ್ ಒಂದಕ್ಕೇ ಬರುತ್ತದೆ. ಪ್ರತಿ ವರ್ಷ ಒಂದೇ ಕೇಕಿನ ಮೇಲೆ ಏಳು ಹೆಸರು ಬರೆಸುತ್ತೇವೆ. ಒಂದು ದಿನವಾದರೂ ಅನುಮಾನ ಬಂತೇ? ಇಲ್ಲ!

ಅಲ್ಲಿಗೆ, ಎರಡೂವರೆ ತಿಂಗಳು ಒಂದು ಮೊಲವು ಹುಲಿಯ ಊಟವನ್ನು ಮಾಡಿತ್ತು. ತಿಂಡಿಯನ್ನೂ ತಿನ್ನದೆ ಆಟೋ ಹಿಡಿದು ಗೋಕುಲಂಗೆ ಓಡಿದೆ. ವಿನುತಾ ಮೇಡಂ ಹೌಹಾರಿದರು. "ಸಾರ್, ಮೊಲಕ್ಕೆ ಇದೆಲ್ಲಾ ವಿರುದ್ಧಾಹಾರ!" ಎಂದು ಹೊಸ ಪಟ್ಟಿ ಬರೆದರು. ಬರೆಯುತ್ತಾ ಜೋರಾಗಿ ಓದಿದರು. "ಸಿಹಿ ಪೂರ್ತಿ ಬಿಡಬೇಕು. ಅನ್ನ ಅರ್ಧ. ಸೊಪ್ಪು ತರಕಾರಿ ಜಾಸ್ತಿ. ಸಂಜೆ ನಡಿಗೆ. ಬೇಗ ನಿದ್ದೆ."

ಇದನ್ನು ಎಲ್ಲೋ ಕೇಳಿದ್ದೇನಲ್ಲ ಎನಿಸಿತು. ಮನೆಗೆ ಬಂದು ಗಿರಿಜಾಗೆ ಓದಿ ಹೇಳಿದಾಗ ಅವಳು ನಗಲೂ ಇಲ್ಲ. "ಡಾಕ್ಟ್ರು ಹೇಳಿದ್ದನ್ನ ಈ ಅಮ್ಮ ಚೆಂದದ ಅಕ್ಷರದಲ್ಲಿ ಬರ್ದುಕೊಟ್ಟಿದಾರೆ" ಎಂದು ಹೇಳಿ ಹುರುಳಿಕಾಯಿ ಸೋಸುವುದಕ್ಕೆ ಕೂತಳು.

ಉಳಿದ ಹನ್ನೆರಡು ದಿನ ಪರಮ ನಿಷ್ಠೆಯಿಂದ ಮೊಲವಾಗಿದ್ದೆ. ಹನ್ನೆರಡು ದಿನದಲ್ಲಿ ಏನಾಗುತ್ತದೆ? ಎರಡು ಕಟ್ಟು ದಂಟಿನಸೊಪ್ಪು ಅಷ್ಟೂ ಹೋಳಿಗೆಯ ವಿರುದ್ಧ ಎಷ್ಟು ಹೊತ್ತು ಹೋರಾಡೀತು?

ಡಾಕ್ಟರು ಹೊಸ ರಿಪೋರ್ಟು ನೋಡಿದರು. ಹಳೆಯದನ್ನು ಪಕ್ಕಕ್ಕಿಟ್ಟು ಮತ್ತೆ ನೋಡಿದರು. ಕನ್ನಡಕ ತೆಗೆದರು.

"ಶ್ರೀಕಂಠ ಅವ್ರೇ, ಬಾರ್ಡರ್ ದಾಟಿ ಬಹಳ ದೂರ ಬಂದಿದೀರ. ಏನ್ ತಿಂತಿದ್ರಿ?"

ನಾನು ಗಿರಿಜಾಳ ಮುಖ ನೋಡಿದೆ. ಅವಳು ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರವನ್ನು ಆಸಕ್ತಿಯಿಂದ ನೋಡುತ್ತಿದ್ದಳು. ಬೇರೆ ದಾರಿ ಕಾಣದೆ ಎಲ್ಲವನ್ನೂ ಹೇಳಿದೆ. ಅಂಕಪಟ್ಟಿ, ಹುಲಿ, ಖರ್ಜೂರ, ಮೇಷ್ಟ್ರು, ಕಿವಿ, ಮೊಲ. ಡಾಕ್ಟರು ಒಮ್ಮೆಯೂ ಅಡ್ಡ ಬಾಯಿ ಹಾಕದೆ ಕೇಳಿದರು. ಅವರಿಗೂ ಸುಸ್ತಾದಂತೆ ಕಂಡಿತು.

"ನೀವು ಹುಲಿನೋ ಮೊಲನೋ ನಂಗೊತ್ತಿಲ್ಲ. ರಕ್ತ ಮನುಷ್ಯರದ್ದೇ ಇದೆ" ಎಂದು ಚೀಟಿ ಬರೆದರು. ಬೆಳಗ್ಗೆ ಒಂದು ಗುಳಿಗೆ, ಸಂಜೆ ಒಂದು ಗುಳಿಗೆ.

ಅಪ್ಪನಿಗೆ ಶುರುವಾದದ್ದು ಒಂದರಿಂದ. ನಾನು ನೇರವಾಗಿ ಎರಡಕ್ಕೇ ಬಡ್ತಿ ಪಡೆದಿದ್ದೆ.

ಮನೆಗೆ ಬಂದು ಕುರ್ಚಿಯಲ್ಲಿ ಕುಸಿದೆ. ಗುಳಿಗೆಯ ಪೊಟ್ಟಣ ಜೇಬಿನಲ್ಲೇ ಇತ್ತು. ಮುಖ ನೋಡಿದರೆ ಅಮ್ಮನಿಗೆ ತಿಳಿಯುತ್ತದೆ. ಒಳಗಿನಿಂದ ಒಂದು ಸ್ಟೂಲ್ ಎಳೆದುಕೊಂಡು ಬಂದು ನನ್ನ ಎದುರಿಗೆ ಕೂತು, "ಕಾಲು ಕೊಡು" ಎಂದಳು.

"ಯಾಕಮ್ಮ?"

"ಕೊಡೋ ಅಂದ್ರೆ."

ನನ್ನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಬೆರಳು ಬಿಡಿಸಿ, ಸಂದುಗಳಲ್ಲಿ ಗಾಯ ಗೀಯ ಇದೆಯಾ ಎಂದು ಹುಡುಕಿದಳು. ಸಕ್ಕರೆ ಕಾಯಿಲೆಗೆ ಒಂದು ಹೆಬ್ಬೆರಳು ಹೋದ ಮೇಲೆ ಅಪ್ಪನ ಪಾದವನ್ನೂ ದಿನಾ ಸಂಜೆ ಹೀಗೆಯೇ ನೋಡುತ್ತಿದ್ದಳು. ಒಂಬತ್ತು ವರ್ಷ ನೋಡಿದ ಕೈ ಅದು, ಮರೆತಿರಲಿಲ್ಲ. ನಾಳೆಯಿಂದ ನಡೆಯುತ್ತೇನಮ್ಮ, ನಿಜವಾಗಲೂ ನಡೆಯುತ್ತೇನೆ ಎಂದು ಹೇಳಬೇಕೆನಿಸಿತು.

"ಇನ್ಮೇಲೆ ದಿನಾ ನೋಡ್ಬೇಕು" ಎಂದಳು ಅಮ್ಮ. ಆಮೇಲೆ ನನ್ನ ಕಾಲನ್ನು ಬೆಳಕಿಗೆ ತಿರುಗಿಸಿ, ಗಿರಿಜಾಳನ್ನು ಕೂಗಿದಳು. "ಗಿರಿಜಾ, ಉಗುರು ಕತ್ತರಿಸೋದು ತಗೊಂಡ್ಬಾಮ್ಮ. ಹೆಂಗೆ ಬಿಟ್ಕೊಂಡಿದಾನೆ ನೋಡು, ಒಳ್ಳೆ ಕರಡಿ!"

ಹನ್ನೆರಡರ ಪಟ್ಟಿಯಲ್ಲಿ ಕರಡಿ ಇರಲಿಲ್ಲ. ನಾನು ಸುಮ್ಮನೆ ಇನ್ನೊಂದು ಕಾಲನ್ನೂ ಕೊಟ್ಟೆ.