ಬೀಗರ ಕಾರಿನ ಗೀರು

ಎಲೆ ಅಡಿಕೆ ಮುಗಿಯದೇ ಇದ್ದಿದ್ದರೆ ಉಳವಪ್ಪನಿಗೆ ಆ ದಿನ ಏನೂ ಆಗುತ್ತಿರಲಿಲ್ಲ. ಮುಗಿಯಿತು. ತರಲು ಸೈಕಲ್ಲು ತೆಗೆದ. ಸೈಕಲ್ಲಿಗೂ ಬೀದಿಗೂ ನಡುವೆ ಬೀಗರ ಕಾರು ನಿಂತಿತ್ತು.

ಬೀಗರು ಎನ್ನುವುದಕ್ಕೆ ಇನ್ನೂ ಸಂಜೆಯಾಗಬೇಕಿತ್ತು. ಉಳವಪ್ಪನ ಮಗಳು ಸ್ನೇಹಾಳನ್ನು ಮುಂಡರಗಿಯ ಹೇಮಪ್ಪ ತನ್ನ ಮಗನಿಗೆ ಕೇಳಿದ್ದ. ಅಂದು ಸೀರೆ ತಂದು, ಸಕ್ಕರೆ ಹಂಚಿದರೆ ಮಾತು ಗಟ್ಟಿಯಾದಂತೆ. ಹುಬ್ಬಳ್ಳಿಯ ಗದ್ದಲದಲ್ಲಿ ಹೊಸ ಗಾಡಿ ನುಗ್ಗಿಸುವ ಧೈರ್ಯ ಸಾಲದೆ ಹೇಮಪ್ಪ ಕಾರನ್ನು ಬೆಟಗೇರಿಯಲ್ಲಿ ಉಳವಪ್ಪನ ಮನೆಯ ಗೋಡೆಗೆ ಅಂಟಿಸಿ ನಿಲ್ಲಿಸಿ, ತನ್ನ ತಾಯಿ ಗದಿಗೆವ್ವ, ಉಳವಪ್ಪನ ಹೆಂಡತಿ ಸುಮಿತ್ರವ್ವ ಮತ್ತು ಸ್ನೇಹಾಳೊಂದಿಗೆ ರೈಲು ಹತ್ತಿದ್ದ. ಓಣಿಯ ತುಂಬ ಮಗ್ಗಗಳಿರುವ ಬೆಟಗೇರಿ ಬಿಟ್ಟು ಸೀರೆಗೆ ಹುಬ್ಬಳ್ಳಿಗೆ ಹೋಗುವುದು ನೇಕಾರನಾದ ಉಳವಪ್ಪನಿಗೆ ಹಿಡಿಸಲಿಲ್ಲ. ಆದರೆ ಹೇಮಪ್ಪ ಹಿಂದೊಮ್ಮೆ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಲಕ್ಷ್ಮೇಶ್ವರದ ಸಂಬಂಧವನ್ನೇ ಬಿಟ್ಟು ಎದ್ದುಬಂದ ಮನುಷ್ಯ. ಅಂಥವನೆದುರು ಮಾತಾಡುವುದುಂಟೆ?

ಕಾರಿನ ಬಣ್ಣ ದಾಳಿಂಬೆ ಕಾಳಿನದು. ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ. ಹಿಂದೆ ಹಳೆಯ ಚಪ್ಪಲಿ. ಹೊರಡುವಾಗ ಗದಿಗೆವ್ವ, "ತಮ್ಮಾ, ಗಾಡಿಗೆ ಯಾರ ನೆದರೂ ತಾಗದಂಗ ನೋಡ್ಕೋ," ಎಂದಿದ್ದಳು. ಓಣಿಯ ಕೆಟ್ಟ ಕಣ್ಣುಗಳಿಂದ ಕಾರನ್ನು ಉಳವಪ್ಪ ಮುಂಜಾನೆಯಿಂದ ಕಾಯುತ್ತಲೇ ಇದ್ದ. ಕಾರನ್ನು ಬಳಸಿ ಬೀದಿಗೆ ತಿರುಗಿಸುವಾಗ ಸೈಕಲ್ಲಿನ ಹ್ಯಾಂಡಲ್ಲನ್ನು ಮಾತ್ರ ನೋಡಿಕೊಳ್ಳಲಿಲ್ಲ.

ಕಿರ್ ಎಂದಿತು. ಬೀದಿ ಕಡೆಯ ಹಿಂದಿನ ಬಾಗಿಲ ಮೇಲೆ ಗೇಣುದ್ದದ ಬಿಳಿ ಗೀರು.

ಉಳವಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದ. ಹೋಗಲಿಲ್ಲ. ಉಗುಳು ಹಚ್ಚಿ ಒರೆಸಿದ. ಅಷ್ಟರಲ್ಲಿ ಪಕ್ಕದ ಮನೆಯ ಕಳಕವ್ವ ಕಟ್ಟೆಗೆ ಬಂದಳು.

"ಏನಾತೋ ಉಳವಣ್ಣ?"

"ಏನಿಲ್ಲಬೇ. ಗೀರು. ಮೊದಲ ಇತ್ತೇನೋ."

"ಮೊದಲಿದ್ರ ನೀ ಯಾಕ ಬೆವರಾಕತ್ತೀ? ತಡಿ, ಹಲ್ಲಿಗಿ ಹಚ್ಚೂ ಪೇಸ್ಟ್ ತರ್ತೇನಿ. ನಮ್ಮವ್ವನ ಹಿತ್ತಾಳಿ ಚರಿಗಿ ಅದರಿಂದನ ಫಳಫಳ ಆಗಿತ್ತು."

ಪೇಸ್ಟ್ ಬಂತು, ಹಚ್ಚಿದ್ದೂ ಆಯಿತು. ಕಾರಿನಿಂದ ಲವಂಗದ ವಾಸನೆ ಬರತೊಡಗಿತು. ಗೀರಿನೊಳಗೆ ಪೇಸ್ಟ್ ಕೂತು ಅದು ಇನ್ನೂ ಬೆಳ್ಳಗೆ, ಓಣಿಯ ತುದಿಗೂ ಕಾಣುವಂತಾಯಿತು. ಕಂಡವನು ಪುಂಡಲೀಕಪ್ಪ. ಬಸ್ಸಿನ ಕಂಡಕ್ಟರನಾಗಿ ನಿವೃತ್ತನಾದವನು. ಗಾಡಿಯ ವಿಷಯ ತನ್ನನ್ನು ಕೇಳದೆ ಯಾರೂ ಮುಟ್ಟಬಾರದೆಂದು ತಿಳಿದವನು.

"ಲೇ ಉಳವ್ಯಾ, ಪೇಸ್ಟ್ ಹಚ್ಚಾಕ ಗಾಡಿಗೇನು ಹಲ್ಲ ಅದಾವೇನು? ಕೊಬ್ರಿ ಎಣ್ಣಿ ತಾ."

ಎಣ್ಣೆ ಹಚ್ಚಿದೊಡನೆ ಗೀರು ಮಾಯವಾಯಿತು. ಉಳವಪ್ಪನಿಗೆ ಪುಂಡಲೀಕಪ್ಪನ ಕಾಲು ಹಿಡಿಯಬೇಕೆನಿಸಿತು. ಹಿಡಿಯುವಷ್ಟರಲ್ಲಿ ಗಾಳಿ ಬೀಸಿ, ಓಣಿಯ ಧೂಳೆಲ್ಲ ಎದ್ದು ಬಂದು ಬಾಗಿಲಿಗೆ ಅಂಟಿಕೊಂಡಿತು. ಅದನ್ನು ತೆಗೆಯಲು ಕಳಕವ್ವ ತೆಂಗಿನ ನಾರು, ಒಲೆಯ ಬೂದಿ ತಂದು, ಉಳವಪ್ಪ ಬ್ಯಾಡ ಬ್ಯಾಡ ಎನ್ನುವಷ್ಟರಲ್ಲಿ ಒಮ್ಮೆ ತಿಕ್ಕಿಯೂಬಿಟ್ಟಳು. ಈಗ ಗೀರಿನ ಸುತ್ತ ರೊಟ್ಟಿಯಗಲ ಮಬ್ಬು ಕವಿಯಿತು.

ಉಳವಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಸೀರೆಯಲ್ಲಿ ಹರಿದ ಎಳೆಯನ್ನು ಯಾರಿಗೂ ಕಾಣದಂತೆ ಕೂಡಿಸಬಲ್ಲ ಕೈ ಅವನದು. ಆ ಕೈ ಈಗ ತಲೆಯ ಮೇಲಿತ್ತು. ಮಗಳ ಮುಖ ನೆನಪಾಯಿತು. ಹುಡುಗನನ್ನು ಅವಳು ಮೆಚ್ಚಿದ್ದಳು.

ಕೊನೆಗೆ ಹಿಂದಿನ ಓಣಿಯ ಪೇಂಟರ್ ಶೇಖಸಾಬನನ್ನು ಕರೆತಂದರು. ಅವನು ಬಾಗಿಲನ್ನು ನೋಡಿದ, ಮೂಸಿ ನೋಡಿದ.

"ಇದಕ್ಕ ಒಗ್ಗರಣಿ ಒಂದ ಹಾಕಿಲ್ಲ ನೋಡ್ರಿ," ಎಂದ. ಉಗುರಿನಿಂದ ಗೀರನ್ನು ಸವರಿದ. "ಬಣ್ಣಕ್ಕೇನೂ ಆಗಿಲ್ಲರಿ ಅಣ್ಣಾರ. ಬಣ್ಣದ ಮ್ಯಾಲೆ ಗಾಜಿನಂಥಾ ಒಂದು ಪದರ ಇರತೈತಿ, ಕ್ಲಿಯರ್ ಕೋಟ್ ಅಂತಾರ. ಗೀರು ಅದರಾಗ ಐತಿ. ಅದನ್ನ ಸುತ್ತಲೂ ಚೂರು ಸವಿಸಿದ್ರ ಆತು."

"ಸವಿಸೂದಂದ್ರ?"

ಶೇಖಸಾಬ ಬಾಗಿಲು ತೊಳೆದು, ಹೊಳೆಯುವ ಕಾರಿನ ಮೇಲೆ ನಯವಾದ ಉಜ್ಜುಕಾಗದವನ್ನು ನೀರು ಹಾಕಿ ಹಾಕಿ ಉಜ್ಜತೊಡಗಿದ. ಉಳವಪ್ಪ ಕಣ್ಣು ಮುಚ್ಚಿಕೊಂಡ. ತೆರೆದಾಗ ಗೀರು ಇರಲಿಲ್ಲ, ಹೊಳಪೂ ಇರಲಿಲ್ಲ. ಇಡೀ ಬಾಗಿಲು ಸುಣ್ಣ ಬಳಿದಂತಿತ್ತು. ಆಗ ಮಸೀದಿಯಿಂದ ಬಾಂಗು ಕೇಳಿಸಿತು.

"ನಮಾಜ್ ಮುಗಿಸಿ ಬಂದೆ," ಎಂದು ಶೇಖಸಾಬ ಕೈ ತೊಳೆದುಕೊಂಡು ಹೊರಟ.

"ಹಿಂಗ ಬಿಟ್ಟು ಹೊಂಟ್ರ ಹೆಂಗರಿ ಶೇಖಸಾಬರ? ಬೀಗರು ಬರೂ ಹೊತ್ತಾತು!"

"ನಿಮ್ಮ ಸಲುವಾಗಿನೂ ಕೇಳ್ಕೊಂಡ ಬರ್ತೇನಿ, ಕುಂಡ್ರಿ."

ಅಷ್ಟು ಹೊತ್ತು ಉಳವಪ್ಪ ತನಗೆ ಗೊತ್ತಿರುವ ದೇವರನ್ನೆಲ್ಲ ಕರೆದ. ಯಾರ ಪ್ರಾರ್ಥನೆ ಫಲಿಸಿತೋ, ಶೇಖಸಾಬ ಬಂದು ಎಂಥದೋ ಮುಲಾಮು ಹಚ್ಚಿ ಬಟ್ಟೆಯಿಂದ ತಿಕ್ಕುತ್ತಾ ಹೋದಂತೆ ಬಾಗಿಲು ಕನ್ನಡಿಯಾಯಿತು. ಕಳಕವ್ವ ಅದರಲ್ಲಿ ನೋಡಿಕೊಂಡು ಕುಂಕುಮ ಸರಿ ಮಾಡಿಕೊಂಡಳು. ಉಳವಪ್ಪ ಸೈಕಲ್ಲನ್ನು ಹಿತ್ತಲಿಗೆ ಒಯ್ದು ಗೋಣಿಚೀಲ ಹೊದಿಸಿಟ್ಟ.

ದೀಪ ಹಚ್ಚುವ ಹೊತ್ತಿಗೆ ಆಟೋ ಬಂತು. ಇಳಿದವರೆಲ್ಲ ಆ ಬಾಗಿಲನ್ನೇ ನೋಡುತ್ತ ನಿಂತರು. ಗದಿಗೆವ್ವ ಹತ್ತಿರ ಬಂದು, ಮೂಗು ತಾಗುವಷ್ಟು ಬಗ್ಗಿ, ಬೆರಳಾಡಿಸಿ ಹುಡುಕಿದಳು.

"ಹಿಂದಿನ ಬಾಗಿಲಕ್ಕ ನಾ ಒಂದು ಗೀರು ಹಾಕಿದ್ನೆಲ್ಲಾ? ಎಲ್ಲಿ ಹೋತು?"

ಉಳವಪ್ಪನ ಎದೆಯ ಮೇಲಿಂದ ಕಲ್ಲು ಇಳಿಯಿತು. ಹಾಗಾದರೆ ತಪ್ಪು ತನ್ನದಲ್ಲ! ಗೀರು ಮೊದಲೇ ಇತ್ತು! ದಿನವಿಡೀ ತಗ್ಗಿದ್ದ ತಲೆ ಎತ್ತಿ, "ನಾನ ಅಳಿಸಿದೆ ನೋಡ್ರಿ ಯವ್ವಾ," ಎಂದ. "ಬೀಗರ ಗಾಡಿ, ಚಂದ ಕಾಣ್ಲಿ ಅಂತ."

ಮುದುಕಿ ಎದೆಗೆ ಕೈ ಹಚ್ಚಿಕೊಂಡಳು. "ನೆದರಿನ ಗೀರೋ ತಮ್ಮಾ ಅದು! ಕೂಸಿನ ಗಲ್ಲಕ್ಕ ಕಾಡಿಗಿ ಬೊಟ್ಟು ಇಟ್ಟಂಗ, ಗಾಡಿ ಬಂದ ದಿನ ನನ್ನ ಕೈಯಾರ ಮೊಳಿಲೆ ಹಾಕಿದ್ದೆ. ಅದನ್ನ ಅಳಿಸಿದ ಮನ್ಯಾಗ ಸಕ್ರಿ ಹೆಂಗ ತಿನ್ನೂದು?"

ಒಳಹೋಗಲು ಚಪ್ಪಲಿ ಬಿಟ್ಟಿದ್ದ ಹೇಮಪ್ಪ ಮತ್ತೆ ಮೆಟ್ಟಿಕೊಂಡ. ಸ್ನೇಹಾ ಸೀರೆಯ ಚೀಲವನ್ನು ಎದೆಗವಚಿಕೊಂಡು ಅಪ್ಪನನ್ನೇ ನೋಡಿದಳು.

ದಾರಿ ತೋರಿಸಿದವನು ಪುಂಡಲೀಕಪ್ಪನೇ. "ಅಳಿಸಿದವನ ಕೈಲೇನ ಹಾಕಸ್ರಲಾ!"

ಮುದುಕಿಗೆ ಒಪ್ಪಿಗೆಯಾಯಿತು. ಮೊಳೆ ಬಂತು. ಕಳಕವ್ವ ಆರತಿ ಹಿಡಿದಳು. ಯಾವುದಕ್ಕೆ ಹೆದರಿ ದಿನವೆಲ್ಲ ಬೆವರಿದ್ದನೋ ಅದನ್ನೇ ಉಳವಪ್ಪ ಎಲ್ಲರೆದುರು, ಸ್ವಂತ ಕೈಯಿಂದ ಮಾಡಿದ. ಬೆರಳುದ್ದ ಎಳೆದ.

"ಸಾಲೂದಿಲ್ಲ," ಎಂದಳು ಗದಿಗೆವ್ವ. "ಇಷ್ಟು ಹೊಳಸಿದಿ, ಇದರ ತಕ್ಕ ಇರಬೇಕಿಲ್ಲೋ?"

"ಒತ್ತಿ ಎಳಿ ಉಳವಣ್ಣ!" ಎಂದಳು ಕಳಕವ್ವ. ಶೇಖಸಾಬ ನೋಡಲಾರದೆ ಮನೆಗೆ ಹೋದ. ಗೀರು ಬಾಗಿಲಿನ ಆ ಅಂಚಿನಿಂದ ಈ ಅಂಚಿಗೆ ಮುಟ್ಟಿತು. ಗಾಜಿನಂಥ ಪದರ ದಾಟಿ, ಬಣ್ಣ ದಾಟಿ, ತಗಡು ಕಂಡಿತು. ಮುದುಕಿಗೆ ಸಮಾಧಾನವಾಯಿತು. ಹೇಮಪ್ಪ ಚಪ್ಪಲಿ ಬಿಟ್ಟು ಒಳಬಂದ. ಕಳಕವ್ವನ ಮನೆಯ ಎಲೆ ಅಡಿಕೆಯಲ್ಲೇ ವೀಳ್ಯ ಬದಲಾಯಿತು, ಸಕ್ಕರೆ ಹಂಚಿದರು. ಸುಮಿತ್ರವ್ವ ಗಂಡನ ಬಾಯಿಗೂ ಒಂದು ಹಿಡಿ ಹಾಕಿದಳು.

ಹೊರಡುವ ವೇಳೆ ಹೇಮಪ್ಪ ಕಾರನ್ನು ಗೋಡೆಯಿಂದ ಈಚೆ ತಂದು ನಿಲ್ಲಿಸಿದ. ಗದಿಗೆವ್ವ ತಾನು ದಿನಾ ಹತ್ತುವ ಆಚೆ ಬದಿಯ ಬಾಗಿಲಿಗೆ ಹೋದಳು. ಅಲ್ಲೇ ನಿಂತಳು.

"ಹೇಮ್ಯಾ, ನನ್ನ ಗೀರು ಇಲ್ಲೇ ಐತಲ್ಲೋ! ಗ್ವಾಡಿ ಕಡೆ ಆಗಿ ಕಂಡಿದ್ದಿಲ್ಲ!"

ಎಲ್ಲರೂ ಆ ಬದಿಗೆ ಹೋಗಿ ನೋಡಿದರು. ಈ ಬದಿಗೆ ಬಂದು ನೋಡಿದರು. ಆಮೇಲೆ ಉಳವಪ್ಪನ ಕಡೆ ತಿರುಗಿದರು.

"ಹಂಗಾರ ಬೀಗರ," ಹೇಮಪ್ಪ ನಿಧಾನವಾಗಿ ಕೇಳಿದ, "ನೀವು ಅಳಿಸಿದ್ದು ಯಾವ ಗೀರು?"

ಉಳವಪ್ಪ ಸುಮಿತ್ರವ್ವನ ಕೈಯಲ್ಲಿದ್ದ ತಟ್ಟೆಯಿಂದ ಇನ್ನೊಂದು ಹಿಡಿ ಬಾಯಿಗೆ ಸುರಿದುಕೊಂಡ. ಅವನ ಬಾಯಿ ತುಂಬ ಸಕ್ಕರೆಯಿತ್ತು.