ಮಾಲಕರ ಫ್ರೀಜರಿನಲ್ಲಿ ನನ್ನ ವೈನು

ಹಣ್ಣು ಹೆಚ್ಚಬೇಕು, ವೈನು ಸುರಿದು ಮಿಕ್ಸಿಗೆ ಹಾಕಬೇಕು, ಫ್ರೀಜರಿನಲ್ಲಿಡಬೇಕು. ಇದಕ್ಕೇನು ಎಂಜಿನಿಯರ್ ಆಗಬೇಕೇ? ಹಡಪಸರದಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ಒಂದೇ ಒಂದು ಸಲ ಬರ್ಫಗಟ್ಟಿದ ಈ ವೈನು ಶರಬತ್ತನ್ನು ಚಮಚದಿಂದ ಸವಿದು ಬಂದ ನಾನು, ಆಫೀಸಿನಲ್ಲಿ ಘೋಷಿಸಿಯೇಬಿಟ್ಟೆ: "ಈ ರವಿವಾರ ಸಂಜೀಕ ನಮ್ಮನಿಗೆ ಬರ್ರಿ. ಇದಕ್ಕಿಂತ ಛಲೋ ಮಾಡಿ ತೋರಸ್ತೀನಿ!"

ಘೋಷಿಸುವಾಗ ಒಂದು ಸಣ್ಣ ಸಂಗತಿ ಮರೆತಿದ್ದೆ. ಮರಾಠಿ ಸೀಮೆಯ ಬಿಬವೇವಾಡಿಯಲ್ಲಿ ನಾವಿದ್ದದ್ದು ಬಾಡಿಗೆ ಮನೆ. ಕೆಳಗೆ ಮಾಲಕರು, ನಿವೃತ್ತ ಹೆಡ್‌ಮಾಸ್ತರು. ಎಲ್ಲರಿಗೂ ಅವರು ಆಜೋಬಾ, ಅಂದರೆ ಅಜ್ಜ. ಹನ್ನೊಂದು ತಿಂಗಳ ಕರಾರಿನಲ್ಲಿ ಅವರೇ ಬರೆಸಿದ ಐದನೇ ಕಲಮು: ಮನೆಯಲ್ಲಿ ದಾರೂ ಕಂಡುಬಂದಲ್ಲಿ ಅಂದೇ ಮನೆ ಖಾಲಿ ಮಾಡತಕ್ಕದ್ದು. ಆ ಕರಾರು ಮುಗಿದು ಹೊಸದಾಗುವುದೂ ಅದೇ ರವಿವಾರ! ಮಗಳ ಶಾಲೆ ಎದುರಿಗೇ ಇತ್ತು. ಈ ಮನೆ ಬಿಡುವ ಮಾತೆತ್ತಿದರೆ ನನ್ನ ಹೆಂಡತಿ ಗಿರಿಜಾಳ ಕಣ್ಣಲ್ಲಿ ನೀರು ಬರುತ್ತಿತ್ತು.

ಅವಳಿಗೆ ವೈನಿನ ವಿಷಯ ಹೇಳಲಿಲ್ಲ. ಕೆಮ್ಮಿನ ಔಷಧವನ್ನೂ ಮೂಸಿ ನೋಡಿ ಕುಡಿಸುವ ಮನೆತನ ಅವಳದು.

"ಏನ್ ಮಾಡ್ಲಿಕ್ಕತ್ತೀರಿ?"

"ಹಣ್ಣಿನ ಶರಬತ್ತು."

"ಬಾಗಿಲಾ ಹಾಕ್ಕೊಂಡು?"

"ಧೂಳು ಬರ್ತದ!"

ಕಲ್ಲಂಗಡಿ, ದ್ರಾಕ್ಷಿ, ಮಾವು, ವೈನು, ಮೇಲೆ ಕೈಬಿಚ್ಚಿ ಸಕ್ಕರೆ. ಎಲ್ಲ ತಿರುವಿ ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿದೆ. ಇಲ್ಲಿಯ ಅಂಗಡಿಯದೇ ಡಬ್ಬಿ. ಮುಚ್ಚಳದ ಮೇಲೆ ಗಿರಿಜಾಳ ಹೆಸರನ್ನು ಮರಾಠಿಯಲ್ಲಿ ಕೊರೆಸಿದ್ದೆವು.

ಆದರೆ ನಮ್ಮ ಫ್ರೀಜರಿನಲ್ಲಿ ಬರ್ಫ ಬೆಳೆದು ಬೆಳೆದು ಒಂದು ಬಟ್ಟಲಿಗೂ ಜಾಗ ಉಳಿದಿರಲಿಲ್ಲ. ತಿಳಿದವರು ಸ್ವಿಚ್ ಆರಿಸಿ ಕಾಯುತ್ತಾರೆ. ನಾನು ಸ್ಕ್ರೂಡ್ರೈವರ್ ತಂದೆ. ಎರಡೇ ಏಟು. ಬುಸ್ ಅಂತು! ಗ್ಯಾಸೆಲ್ಲ ಹೋಗಿ ಫ್ರಿಜ್ಜು ಆ ಕ್ಷಣದಿಂದ ಕಪಾಟಾಯಿತು.

ಮೆಕ್ಯಾನಿಕ್‌ನನ್ನು ಹುಡುಕಿ ಊರೆಲ್ಲ ಅಲೆದೆ. ರವಿವಾರ ಯಾರು ಸಿಗುತ್ತಾರೆ? ಬರಿಗೈಯಲ್ಲಿ ವಾಪಸು ಬಂದರೆ ಡಬ್ಬಿಯೇ ಇಲ್ಲ.

"ಗಿರಿಜಾ, ಡಬ್ಬಿ ಎಲ್ಲಿ?"

"ಕೆಟ್ಟು ಹೋದೀತು ಅಂತ ಕೆಳಗ ಆಜೋಬಾರ ಫ್ರೀಜರಿನ್ಯಾಗ ಇಟ್ಟು ಬಂದೆ. ನೀವೂ ತಿನ್ರಿ ಅಂತ ಹೇಳೀನಿ. ಬರೇ ಇಟ್ಟು ಬಂದ್ರ ಛಲೋ ಕಾಣ್ತದೇನು?"

 ನನ್ನ ಮುಖ ನೋಡಿಯೇ ಅವಳಿಗೆ ಸಂಶಯ ಬಂತು. "ಖರೇ ಹೇಳ್ರಿ, ಅದ್ರಾಗ ಏನ್ ಹಾಕೀರಿ?"

"ದ್ರಾಕ್ಷಿ ರಸ."

"ಎಂಥಾ ದ್ರಾಕ್ಷಿ?"

"ಸ್ವಲ್ಪ... ಹಳೇದು."

ಗಿರಿಜಾ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನಿಮ್ಮ! ಅಂಥಾ ದೇವರಂಥಾ ಮುದುಕರಿಗೆ ನನ್ನ ಕೈಲೆ ಕುಡಿಸಿದ್ರಲ್ರಿ! ಇನ್ನ ಸಾಮಾನು ಕಟ್ರಿ."

ಇಳಿದು ಹೋಗಿ ಡಬ್ಬಿ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಆಫೀಸಿನ ಮೂವರು ಗೆಳೆಯರಿಗೆ ಬರಬೇಡಿ ಎನ್ನಲು ಮೊಬೈಲೂ ಇರದ ಕಾಲ. ಆರಕ್ಕೆ ಸರಿಯಾಗಿ ಮೂವರೂ ಬಂದರು, ಇಸ್ತ್ರಿ ಅಂಗಿ ತೊಟ್ಟು! ಅವರ ಮುಂದೆ ಬರ್ಫವೂ ಇಲ್ಲದ ಲಿಂಬು ಶರಬತ್ತು ಇಟ್ಟೆವು. ಅವರು ಗ್ಲಾಸು ನೋಡಿದರು, ನನ್ನನ್ನು ನೋಡಿದರು, ಪಾಪ, ಕುಡಿದರು.

ಅಷ್ಟರಲ್ಲಿ ಕೆಳಗಿನಿಂದ ಹಾಡು ಕೇಳಿಸಿತು. ಗಣಪತಿ ಆರತಿಗೂ ಬಾಯಿ ಬಿಡದ ಆಜೋಬಾ ಎತ್ತರದ ದನಿಯಲ್ಲಿ ಹಾಡುತ್ತಿದ್ದರು. ತಾಳಕ್ಕೆ ಚಮಚ. ತಾಳ ಬೀಳುತ್ತಿದ್ದದ್ದು ನಮ್ಮ ಡಬ್ಬಿಯ ಮೇಲೆಯೇ ಇರಬೇಕು!

ಹಾಡು ನಿಂತಿತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಬಾಗಿಲಲ್ಲಿ ಆಜೋಬಾ, ಕೈಯಲ್ಲಿ ಡಬ್ಬಿ. ನಮ್ಮ ಕಡೆಯಂತೆ ಅವರಲ್ಲೂ ಡಬ್ಬಿ ಖಾಲಿ ಹಿಂತಿರುಗಿಸುವ ಪದ್ಧತಿಯಿಲ್ಲ. ಒಳಗೆ ಅವಲಕ್ಕಿಯ ಚಿವಡಾ, ಚಿವಡಾದ ಮೇಲೆ ಮಡಿಸಿದ ಕಾಗದ. ಮನೆ ಖಾಲಿ ಮಾಡಿಸುವ ನೋಟೀಸೇ ಎಂದುಕೊಂಡು ಬಿಚ್ಚಿದೆ.

ಹೊಸ ಕರಾರು! ಹನ್ನೊಂದು ತಿಂಗಳಿಗೆ, ಸಹಿ ಸಮೇತ! ಐದನೇ ಕಲಮಿಗೆ ಕೆಂಪು ಶಾಯಿಯಲ್ಲಿ ಅಡ್ಡಗೀಟು.

ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಜೋಬಾ ನನ್ನ ಕಿವಿಯ ಹತ್ತಿರ ಬಾಗಿ, "ಪುಢಚ್ಯಾ ವೇಳೀ ಸಾಖರ ಥೋಡೀ ಕಮೀ" ಎಂದರು. ಮುಂದಿನ ಸಲ ಸಕ್ಕರೆ ಸ್ವಲ್ಪ ಕಡಿಮೆಯಂತೆ!

ಅವರು ಹೋದ ಮೇಲೆ ಎದೆಯುಬ್ಬಿಸಿ ಕರಾರು ಓದಿದೆ. ಬಾಡಿಗೆದಾರರು: ಸೌ. ಗಿರಿಜಾ. ಡಬ್ಬಿಯ ಮೇಲಿನ ಹೆಸರು ನೋಡಿ, ಇಂಥ ಕೈಗುಣದವರೇ ಮನೆಯಲ್ಲಿರಬೇಕೆಂದು ಆಜೋಬಾ ತೀರ್ಮಾನಿಸಿದ್ದರು. ನನ್ನ ಹೆಸರಿಗಾಗಿ ತಡಕಾಡಿದೆ. ಕೆಳಗೆ, ತೀರ ಕೆಳಗೆ ಸಿಕ್ಕಿತು. ಸಾಕ್ಷಿದಾರ.

ಒಂದು ಚಮಚ ರುಚಿಯನ್ನೂ ನೋಡದ ಸಾಕ್ಷಿ!